ಶಿವರಾತ್ರಿಯವರೆಗೆ ಮಲಗಿದ ಗಾಡಿ

ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವ ಹುಡುಗ ಹೊಸ ಮೋಟಾರ್ ಸೈಕಲ್ ಕೊಂಡ. ಅದಕ್ಕೆ ಹಾಕಿದ ಹೂವಿನ ಹಾರ ಇನ್ನೂ ಸರಿಯಾಗಿ ಬಾಡಿರಲಿಲ್ಲ, ಅಷ್ಟರಲ್ಲಿ ಆಫೀಸಿನವರು ತರಬೇತಿ ಎಂದು ಅವನನ್ನು ಬೆಳಗಾವಿಗೆ ಅಟ್ಟಿದರು. ಬರುವುದು ಸಂಕ್ರಾಂತಿ ಕಳೆದ ಮೇಲೆ. ಹೊರಡುವ ದಿನ ಬೆಳಿಗ್ಗೆ ಬಂದು ಬೀಗದ ಕೈಯನ್ನು ನನ್ನ ಕೈಗಿತ್ತು, “ಅಜ್ಜಿ, ಇದು ನಿಮ್ಮ ಹತ್ರ ಇರ್ಲಿ. ನೀವೇನೂ ಮಾಡೋದ್ಬೇಡ. ಕವರ್ ಹಾಕಿದೀನಿ,” ಎಂದ.

ಕಿಟಕಿಯಿಂದ ಬಗ್ಗಿ ನೋಡಿದೆ. ಪ್ಲಾಸ್ಟಿಕ್ಕಿನ ಹೊದಿಕೆ. ಒಂದಿಷ್ಟೂ ಗಾಳಿಯಾಡದ ಹಾಗೆ ಸುತ್ತ ಹಗ್ಗ ಬಿಗಿದಿದ್ದ. ನನಗೇಕೆ ಬೇಕಿತ್ತು ಹೇಳಿ? ಮೊಣಕಾಲು ಹಿಡಿದುಕೊಂಡಿದೆ, ಒಲೆಯ ಮೇಲೆ ಹಾಲಿದೆ, ಕೀಯನ್ನು ಮೊಳೆಗೆ ಸಿಕ್ಕಿಸಿ ಹೋಗಿ ಬಾ ಎನ್ನಬಹುದಿತ್ತು. ಆದರೆ ಈ ಬಾಯಿ ನನ್ನ ಮಾತು ಕೇಳಬೇಕಲ್ಲ.

“ಪೆಟ್ರೋಲ್ ಮುಚ್ಚಿದೀಯೇನೋ?”

“ಹಾಂ?”

“ಟ್ಯಾಂಕಿನ ಕೆಳಗಿನ ನಲ್ಲಿ ಕಣೋ. ಮೊದ್ಲು ಆ ಪ್ಲಾಸ್ಟಿಕ್ ಬಿಚ್ಚು, ಒಳಗೆ ಬೆವರತ್ತೆ, ತುಕ್ಕು ಹಿಡಿಯತ್ತೆ. ಚೈನಿಗೆ ಎಣ್ಣೆ ಬಿಟ್ಟಿದೀಯಾ? ಸೈಲೆನ್ಸರಿಗೆ ಬಟ್ಟೆ ತುರುಕಿದೀಯಾ? ಈ ಕಾಂಪೌಂಡಲ್ಲಿ ಇಲಿ ಕಾಟ.”

ಅಡುಗೆಮನೆಯ ಒರಳುಕಲ್ಲು ಎದ್ದು ಮಾತಾಡಿದ್ದರೆ ಹೇಗೆ ನೋಡುತ್ತಿದ್ದನೋ ಹಾಗೆ ನನ್ನನ್ನು ನೋಡಿದ. “ಅಜ್ಜೀ, ನಿಮಗೆ ಇದೆಲ್ಲಾ ಹೆಂಗೆ ಗೊತ್ತು?” ಎಂದ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತು, ಓಡಿದ. ಉತ್ತರ ನನ್ನ ಹತ್ತಿರವೇ ಉಳಿದುಬಿಟ್ಟಿತು. ನಿಮಗಾದರೂ ಹೇಳಿ ಕೈ ತೊಳೆದುಕೊಳ್ಳುತ್ತೇನೆ.

ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದದ್ದು ಐವತ್ತರ ದಶಕದಲ್ಲಿ. ಆಗ ನಗರವೆನ್ನುವುದು ಹೆಸರಿನಲ್ಲಿ ಮಾತ್ರ ಇತ್ತು. ನಂಬರು ಬರೆದ ಕಲ್ಲುಗಳು, ಕಳ್ಳಿಯ ಪೊದೆಗಳು, ಅಲ್ಲೊಂದು ಇಲ್ಲೊಂದು ಮನೆ. ಪಕ್ಕದ ಮನೆಯವರನ್ನು ಕರೆಯಬೇಕಾದರೆ ಗಂಟಲು ಹರಿಯುವಂತೆ ಕೂಗಬೇಕಾಗಿತ್ತು. ಈಗ ವಿಜಯನಗರದಲ್ಲಿ ಜನ ಸೊಪ್ಪಿನ ಗಾಡಿಯ ಮುಂದೆ ತಳ್ಳಾಡುತ್ತಾರಲ್ಲ, ಅಲ್ಲೆಲ್ಲ ರಾಗಿ ಹೊಲ. ಇನ್ನು ಆಗಿನ ಚಳಿಯ ಸಂಗತಿ ಹೇಳಿದರೆ ಈಗ ಫ್ಯಾನು ಹಾಕಿಕೊಂಡು ಮಲಗುವವರು ನಂಬುವುದಿಲ್ಲ. ದೀಪಾವಳಿ ಬಂತೆಂದರೆ ಸಾಕು, ಬೆಳಗಿನ ಹೊತ್ತು ಮಾಗಡಿ ರಸ್ತೆಯ ಹುಣಸೆಮರಗಳು ಮಂಜಿನಲ್ಲಿ ಕಾಣುತ್ತಿರಲಿಲ್ಲ. ಕೊಬ್ಬರಿ ಎಣ್ಣೆಯ ಸೀಸೆಯನ್ನು ಒಲೆಯ ಪಕ್ಕದಲ್ಲಿಟ್ಟು ಕರಗಿಸಿಕೊಂಡು ತಲೆ ಬಾಚಬೇಕಾಗಿತ್ತು.

ನಮ್ಮವರು ರೇಷ್ಮೆ ಇಲಾಖೆಯಲ್ಲಿದ್ದರು. ಹಳ್ಳಿಗಳಿಗೆ ಹೋಗಿ ಹುಳು ಸಾಕುವವರ ತಟ್ಟೆಗಳನ್ನು ನೋಡುವುದು, ರೋಗ ತಗುಲಿದ್ದರೆ ಏನು ಮಾಡಬೇಕೆಂದು ಹೇಳುವುದು ಅವರ ಕೆಲಸ. ಹೆಗ್ಗನಹಳ್ಳಿ, ಕೆಂಗೇರಿ, ಅದರಾಚೆಯ ಊರುಗಳು, ಎಲ್ಲಕ್ಕೂ ಮೋಟಾರ್ ಸೈಕಲ್. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಹಸಿರು ಬಣ್ಣದ ಭಾರೀ ಗಾಡಿ ಅದು. ನಮ್ಮ ಅತ್ತೆ ಅದನ್ನು ಎಮ್ಮೆ ಎಂದೇ ಕರೆಯುತ್ತಿದ್ದರು. “ಎಮ್ಮೆ ಸಾಕಿದ್ರೆ ಹಾಲಾದ್ರೂ ಕರೀಬೋದಿತ್ತು,” ಎಂದು ಅದರ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ಅನ್ನುವರು.

ನಮ್ಮವರು ಮಾತ್ರ ಆ ಗಾಡಿ ಹತ್ತಿದರೆ ಬೇರೆಯೇ ಮನುಷ್ಯ. ಹಳ್ಳಿ ತಿರುಗಿ ಬಂದ ದಿನ ರೆಪ್ಪೆಯ ಮೇಲೆಲ್ಲ ಧೂಳು ಹೊತ್ತು ಬಂದು, ಕೈ ತೊಳೆದು ಕೂತು ಎರಡು ಮುದ್ದೆ ಇಳಿಸುವರು, ಯಾರ ಮನೆಯ ಹುಳು ಹೇಗಿತ್ತು ಎಂದು ನಗುನಗುತ್ತ ಹೇಳುವರು. ಕಚೇರಿಯ ಮೇಜಿನ ಮುಂದೆ ಕೂತು ಬಂದ ದಿನ ಅನ್ನ ಕೆದಕಿ ಎದ್ದುಬಿಡುವರು. ಒಂದು ಸಲ ನನ್ನನ್ನೂ ಹಿಂದೆ ಕೂರಿಸಿಕೊಂಡು ಕೆಂಗೇರಿಯವರೆಗೆ ಹೋಗಿದ್ದರು. ಸೆರಗು ಹಿಡಿಯಲೋ, ಸೀಟು ಹಿಡಿಯಲೋ, ಇವರನ್ನು ಹಿಡಿಯಲೋ ತಿಳಿಯದೆ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದೆ. “ಹೆಂಗಿತ್ತೇ?” ಎಂದು ಕೇಳಿದರು. “ಚೆನ್ನಾಗಿತ್ತು, ಮುಗೀತಲ್ಲ,” ಎಂದೆ. ಆ ಮಾತನ್ನು ಹತ್ತು ಜನರ ಮುಂದೆ ಹೇಳಿಕೊಂಡು ನಕ್ಕಿದ್ದರು.

ಆದರೆ ಇವರಿಗೆ ಉಬ್ಬಸವಿತ್ತು. ಚಳಿ ಶುರುವಾಯಿತೆಂದರೆ ಎದೆ ಕಟ್ಟಿಕೊಂಡು, ದಿಂಬಿಗೆ ದಿಂಬು ಒರಗಿಸಿ ಕೂತು ಉಸಿರಿಗಾಗಿ ಒದ್ದಾಡುವುದನ್ನು ನೋಡಲಾಗುತ್ತಿರಲಿಲ್ಲ. ಮಲ್ಲೇಶ್ವರದ ಡಾಕ್ಟರು ದೀಪಾವಳಿಯಿಂದ ಶಿವರಾತ್ರಿಯವರೆಗೆ ಗಾಡಿ ಮುಟ್ಟಕೂಡದು ಎಂದು ಕಟ್ಟುನಿಟ್ಟು ಮಾಡಿದ್ದರು. ಆ ತಿಂಗಳುಗಳಲ್ಲಿ ಇವರಿಗೆ ಕಚೇರಿಯ ಕೆಲಸ, ಅದೂ ಕೈಲಾದ ದಿನ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಗಾಡಿಯನ್ನು ಮಲಗಿಸುತ್ತಾರಂತೆ. ನಮ್ಮ ಗಾಡಿಗೆ ಚಳಿಯಿಂದ ಏನೂ ಆಗುತ್ತಿರಲಿಲ್ಲ. ಸವಾರನಿಗೆ ಆಗುತ್ತಿತ್ತು, ಅದಕ್ಕೆ ಗಾಡಿ ಮಲಗುತ್ತಿತ್ತು.

ಮೊದಲನೆಯ ವರ್ಷ ಮಲಗಿಸಿದವರು ನಮ್ಮ ಅತ್ತೆ. ನರಕ ಚತುರ್ದಶಿಯ ಬೆಳಿಗ್ಗೆ ಎಲ್ಲರಿಗೂ ಎಣ್ಣೆ ಒತ್ತಿ ಎರೆದಾಯಿತು. ಇವರು ಸ್ನಾನದ ಸುಸ್ತಿಗೆ ಹೊದ್ದು ಮಲಗಿದರು. ನಾನು ಹೋಳಿಗೆಯ ಕಣಕ ನಾದುತ್ತಿದ್ದೆ. ಅತ್ತೆಯ ತೌರಿನಲ್ಲಿ ಆ ದಿನ ಎತ್ತುಗಳಿಗೂ ಎಣ್ಣೆ ಹಚ್ಚಿ ಮೈ ತೊಳೆಯುತ್ತಿದ್ದರಂತೆ. ಹಂಡೆಯಲ್ಲಿ ಬಿಸಿನೀರು ಉಳಿದಿತ್ತು, ಬಟ್ಟಲಲ್ಲಿ ಹರಳೆಣ್ಣೆ ಉಳಿದಿತ್ತು. ನಾನು ಹೊರಗೆ ಬಂದು ನೋಡುವಷ್ಟರಲ್ಲಿ ಎಮ್ಮೆಗೆ ಅಭ್ಯಂಜನ ನಡೆದಿತ್ತು. ಹ್ಯಾಂಡಲ್ಲಿನಿಂದ ಹಿಡಿದು ಬ್ರೇಕಿನವರೆಗೆ ಹರಳೆಣ್ಣೆ, ಅದರ ಮೇಲೆ ಸೀಗೆಪುಡಿ, ಅದರ ಮೇಲೆ ಚೊಂಬು ಚೊಂಬು ಬಿಸಿನೀರು.

“ಅತ್ತೇ, ಏನಿದು!”

“ಮನೇಲಿರೋ ಎಲ್ಲಾರ್ಗೂ ಎರೆದಿದೀನಿ. ಇದೊಂದು ಯಾಕೆ ಒಣಗ್ಕೊಂಡು ನಿಂತಿರ್ಬೇಕು? ನನ್ನ ಮಗನ್ನ ಹೊತ್ಕೊಂಡು ತಿರುಗಲ್ವಾ ಇದು?”

ಆಮೇಲೆ ಅರಿಶಿನ ಕುಂಕುಮವಿಟ್ಟು ಆರತಿಯ ತಟ್ಟೆಯನ್ನು ಪೆಟ್ರೋಲ್ ಟ್ಯಾಂಕಿನ ಸುತ್ತ ತಿರುಗಿಸಲು ಹೊರಟರು. ನಾನು ಕೂಗಿಕೊಂಡ ಕೂಗಿಗೆ ಇವರು ಹೊದಿಕೆಯ ಸಮೇತ ಎದ್ದು ಓಡಿಬಂದರು. ದೀಪ ಆರಿಸಿದ್ದಾಯಿತು. ನೀರು ಒಳಗೆ ಹೋದದ್ದು ಮಾತ್ರ ಹೋಗೇ ಹೋಗಿತ್ತು. ಶಿವರಾತ್ರಿ ಕಳೆದು ಗೋಣಿ ತೆಗೆದರೆ ಚೈನಿಗೆ ತುಕ್ಕು, ಎಣ್ಣೆಗೆ ಧೂಳು ಅಂಟಿ ಮೈಯೆಲ್ಲ ಜಿಗುಟು, ಕಿಡಿ ಹೊತ್ತಿಸುವ ಪೆಟ್ಟಿಗೆಯೊಳಗೆ ಹಸಿ, ಸೀಗೆಪುಡಿಯ ವಾಸನೆ ಬೇರೆ. ಇವರು ಜಗುಲಿಯ ಮೇಲೆ ಚಾಪೆ ಹಾಸಿ ಗಾಡಿಯನ್ನು ತುಂಡು ತುಂಡಾಗಿ ಬಿಚ್ಚಿ ಹರಡಿಕೊಂಡು ಕೂತರು. ಮಗನ ಎದುರಿಗೇ ಕಾಲು ಚಾಚಿ ಕೂತು ಬತ್ತಿ ಹೊಸೆಯುತ್ತಿದ್ದ ಅತ್ತೆ, “ನಾನು ಎರೆದಿದ್ದಕ್ಕೇ ಇಷ್ಟಾದ್ರೂ ಉಳ್ಕೊಂಡಿದೆ,” ಎಂದರು. ಇವರಿಗೆ ನಗು ಬಂದು, ನಗುವಿಗೆ ಕೆಮ್ಮು ಬಂದು, ಕೊನೆಗೆ ನಾನೇ ಬೆನ್ನು ನೀವಬೇಕಾಯಿತು.

ಎರಡನೆಯ ವರ್ಷ ಆ ಜವಾಬ್ದಾರಿ ನನ್ನ ತಲೆಗೆ ಬಂತು. ಇವರಿಗೆ ಬಗ್ಗಲು ಆಗುತ್ತಿರಲಿಲ್ಲ. ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು ಹೇಳುವುದು, ನಾನು ಹಿತ್ತಲ ಕಡೆಯ ಚಾವಡಿಯಲ್ಲಿ ಸೆರಗು ಸಿಕ್ಕಿಸಿಕೊಂಡು ಮಾಡುವುದು. ಹೊಸದಾಗಿ ಗಾಡಿ ಕೊಂಡವರು ಬೇಕಾದರೆ ಕೇಳಿಸಿಕೊಳ್ಳಿ. ಬೇಡವಾದರೆ ದಾಟಿ ಮುಂದೆ ಹೋಗಿ, ನನಗೇನೂ ಬೇಜಾರಿಲ್ಲ.

ಮೊದಲು ಟ್ಯಾಂಕಿನ ಪೆಟ್ರೋಲ್ ಬಸಿಯಬೇಕು. ನಿಂತಲ್ಲೇ ನಿಂತ ಪೆಟ್ರೋಲ್ ಹಳಸಿ ಅಂಟಾಗುತ್ತದೆ. (ಬಸಿದದ್ದನ್ನು ಎತ್ತಿ ಮುಚ್ಚಿಡಿ. ನಮ್ಮ ಅತ್ತೆ ಅದನ್ನು ತಿಗಣೆ ಕೊಲ್ಲಲೆಂದು ಮಂಚಕ್ಕೆ ಸುರಿದು, ವಾರವಿಡೀ ನಾವು ದೀಪ ಹಚ್ಚಲು ಹೆದರಿದ್ದೆವು.) ಆಮೇಲೆ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಒಂದು ಚಮಚ ಇಂಜಿನ್ ಎಣ್ಣೆ ಬಿಡುವುದು. ಹರಳೆಣ್ಣೆಯಲ್ಲ, ದಯವಿಟ್ಟು. ಚಕ್ರ ನೆಲಕ್ಕೆ ತಾಗದಂತೆ ಕೆಳಗೆ ಇಟ್ಟಿಗೆ ಹಲಗೆ ಕೊಟ್ಟು ನಿಲ್ಲಿಸುವುದು, ಇಲ್ಲದಿದ್ದರೆ ಟೈರು ಒಂದೇ ಕಡೆ ಅಮುಕಿಕೊಳ್ಳುತ್ತದೆ. ಚೈನು ಒರೆಸಿ ಗ್ರೀಸು. ಸೈಲೆನ್ಸರಿನ ಬಾಯಿಗೆ ಹಳೆಯ ಬಟ್ಟೆ. ಕ್ಲಚ್ಚನ್ನು ಹಿಡಿದು ಹ್ಯಾಂಡಲ್ಲಿಗೆ ಕಟ್ಟಿಬಿಡಬೇಕು, ಒಳಗಿನ ತಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳದಿರಲಿ ಎಂದು. ನನ್ನ ಧಾರೆಯ ಸೀರೆಯ ಹರಿದ ಅಂಚು ಅದಕ್ಕೆ ಸರಿಹೋಯಿತು. ಮೇಲೆ ಗೋಣಿ, ಗೋಣಿಯ ಮೇಲೆ ಹಳೆಯ ಕಂಬಳಿ, ಉಸಿರಾಡುವ ಹಾಗೆ ಸಡಿಲವಾಗಿ.

ಅಷ್ಟಕ್ಕೆ ಮುಗಿಯಿತೇ? ಇಲ್ಲ. ಪ್ರತಿ ಭಾನುವಾರ ಹೋಗಿ, ಕಂಬಳಿ ಎತ್ತಿ, ಕ್ಲಚ್ಚು ಬಿಚ್ಚಿ, ಕಿಕ್ ಒದೆಯಬೇಕು. ಒಳಗಿನ ಎಣ್ಣೆ ಎಲ್ಲ ಕಡೆ ಸವರಿಕೊಳ್ಳಲಿ ಅಂತ. ಪ್ಲಗ್ ಇಲ್ಲವಾದ್ದರಿಂದ ಗಾಡಿ ಹೊತ್ತಿಕೊಳ್ಳುವುದಿಲ್ಲ, ಆ ತೂತಿನಿಂದ ಫುಸ್ಸೆಂದು ಗಾಳಿ ಬರುತ್ತದೆ ಅಷ್ಟೇ. ನಾನು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ಒದೆಯುವುದು, ಇವರು ಕಿಟಕಿಯಿಂದ ಆ ಸದ್ದು ಕೇಳಿ, “ಇನ್ನೊಂದ್ಸಲ,” ಎನ್ನುವುದು.

“ಫುಸ್” ಎನ್ನುವುದು ಗಾಡಿ.

“ಇನ್ನೊಂದ್ಸಲ ಕಣೇ. ಇನ್ನೂ ಗಂಟ್ಲು ಕಟ್ಟಿದೆ ಅದಕ್ಕೆ.”

“ನನಗೂ ಸೊಂಟ ಕಟ್ಟಿದೆ, ಅದು ಯಾರಿಗೂ ಕೇಳ್ಸಲ್ಲ!”

ನಗುವರು. ಆ ವರ್ಷ ಶಿವರಾತ್ರಿಯ ಮರುದಿನ ಗಾಡಿ ಸಲೀಸಾಗಿ ಹೊತ್ತಿಕೊಂಡಿತು. ಇವರು ಮಫ್ಲರ್ ಸುತ್ತಿಕೊಂಡು ಹತ್ತಿ ಹೋದವರು ಸಂಜೆಗೆ ಬಂದದ್ದು, ಬಂದವರೇ ಬಿಸಿ ಮುದ್ದೆ ಕೇಳಿದರು.

ಮೂರನೆಯ ವರ್ಷ ದೀಪಾವಳಿಗೆ ಮುಂಚೆಯೇ ಉಬ್ಬಸ ಕಾಣಿಸಿಕೊಂಡಿತು. ಈ ಸಲದ್ದು ಹಿಂದಿನ ಹಾಗಿರಲಿಲ್ಲ. ತುಟಿ ನೀಲಿಯಾಗುತ್ತಿತ್ತು. ಡಾಕ್ಟರು ಬಂದು ಸೂಜಿ ಹಾಕಿ, ಹೊರಡುವಾಗ ಗೇಟಿನ ಹತ್ತಿರ ನಿಂತರು.

“ನೋಡಿಯಮ್ಮಾ, ಶಿವರಾತ್ರಿ ಆದ್ಮೇಲೂ ಗಾಡಿ ಬೇಡ. ಆ ಧೂಳು, ಆ ಗಾಳಿ, ಆ ಎದೆ ತಡೆಯಲ್ಲ. ಇನ್ಯಾವತ್ತೂ ಬೇಡ ಅಂತಲೇ ಇಟ್ಕೊಳ್ಳಿ. ಹೊತ್ತು ನೋಡಿ ನೀವೇ ಹೇಳಿ.”

ಹೊತ್ತು ನೋಡಿ ಹೇಳಬೇಕಂತೆ. ಯಾವ ಹೊತ್ತು? ಗಂಜಿ ಕುಡಿಸುವಾಗಲೇ, ನೀರಾವಿ ಕೊಡುವಾಗಲೇ, ದಿಂಬು ಎತ್ತರಿಸುವಾಗಲೇ? “ಶಿವರಾತ್ರಿ ಆಗ್ಲಿ, ಹೆಗ್ಗನಹಳ್ಳಿಗೆ ಒಂದು ಸಲ ಹೋಗಿ ಬರ್ಬೇಕು,” ಎಂದು ಇವರೇ ಬಾಯಿಬಿಟ್ಟು ಹೇಳುತ್ತಿದ್ದಾಗ ನಾನು ಯಾವ ಬಾಯಲ್ಲಿ ಇಲ್ಲ ಎನ್ನಲಿ? ಆ ಗಾಡಿಯೊಂದು ಇಲ್ಲವಾದರೆ ಈ ಮನುಷ್ಯ ಇನ್ನು ಮೇಲೆ ದಿನವೂ ಅನ್ನ ಕೆದಕಿ ಏಳುವವರೇ ಎಂದು ನನಗೆ ಗೊತ್ತಿತ್ತು. ಹಬ್ಬದ ದಿನ ಎಂದಿನಂತೆ ಗಾಡಿಯನ್ನು ಮಲಗಿಸಿದೆ. ಅತ್ತೆ ಬಟ್ಟಲು ಹಿಡಿದು ಬಂದರು. ನಾನು ಕಣ್ಣು ಬಿಟ್ಟೆ. ಪಾಪ, ಟ್ಯಾಂಕಿನ ಮೇಲೆ ಒಂದೇ ಒಂದು ಚುಕ್ಕೆ ಎಣ್ಣೆ ಇಟ್ಟು, “ಇಷ್ಟಾದ್ರೂ ಇರ್ಲಿ ಬಿಡೇ,” ಎಂದು ಒಳಗೆ ಹೋದರು.

ಆ ಚಳಿಗಾಲದಷ್ಟು ದಣಿವು ನನಗೆ ಮತ್ತೆಂದೂ ಆಗಿಲ್ಲ. ಮಕ್ಕಳಾದಾಗಲೂ ಆಗಿಲ್ಲ. ಬೆಳಗಾದರೆ ನೀರು ಸೇದು, ಒಲೆ ಊದು, ಇವರ ಎದೆಗೆ ಶಾಖ ಕೊಡು, ಅತ್ತೆಯ ಮಡಿಗೆ ಒದಗು. ಮಧ್ಯಾಹ್ನ ಕಣ್ಣು ಮುಚ್ಚಿದರೆ ಇವರ ಉಸಿರು ಶಿಳ್ಳೆ ಹಾಕುವುದು ಕೇಳಿ ಎಚ್ಚರವಾಗುವುದು. ಭಾನುವಾರ ಬಂತೋ, ಹೋಗಿ ಆ ಗಾಡಿಯನ್ನು ಒದೆಯುವುದು. ಯಾರೂ ಹತ್ತದ ಗಾಡಿ ಅದು ಎಂದು ಗೊತ್ತಿದ್ದೂ ಒದೆಯುವುದು. ಒದೆದು ಒದೆದು ಪಾದದ ನಡುವೆ ನೀಲಿಗಟ್ಟಿತ್ತು. ಒಂದು ಭಾನುವಾರ ಸುಮ್ಮನೆ ಕೂತುಬಿಟ್ಟೆ. ಏನಾಗುತ್ತದೆ, ತುಕ್ಕು ಹಿಡಿಯಲಿ ಅಂತ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ದನಿ ಬಂತು, “ಇವತ್ತು ಭಾನುವಾರ ಅಲ್ವೇನೇ?” ಹಾಳಾದ್ದು, ಎದ್ದು ಹೋಗಿ ಒದೆದೆ. ಇವರು ಎಂದಿನಂತೆ “ಇನ್ನೊಂದ್ಸಲ” ಎಂದರು. ಮತ್ತೊಮ್ಮೆ ಒದೆದು, ಕಂಬಳಿಗೆ ಮುಖ ಒತ್ತಿಕೊಂಡು ಅತ್ತುಬಿಟ್ಟೆ.

ಸಂಕ್ರಾಂತಿಯ ಹೊತ್ತಿಗೆ ಹೆಗ್ಗನಹಳ್ಳಿಯ ಚಿಕ್ಕಣ್ಣ ಎಳ್ಳುಬೆಲ್ಲದ ಜೊತೆ ಕಬ್ಬು ತಂದುಕೊಟ್ಟ. ಹಿಪ್ಪುನೇರಳೆ ತೋಟವಿದ್ದವನು, ಇವರ ಕೈಯಲ್ಲಿ ಹುಳು ಸಾಕುವುದನ್ನು ಕಲಿತವನು. ಹೋಗುವಾಗ ಚಾವಡಿಯ ಕಡೆ ನೋಡಿ, “ಸ್ವಾಮೀ, ಯಾವತ್ತಾದ್ರೂ ಗಾಡಿ ಕೊಡೋದಾದ್ರೆ ನನಗೇ ಕೊಡಿ,” ಎಂದ. ಈಗ ಹೇಳಿಬಿಡಲೇ? ಇವರು ಕೆಮ್ಮಿಕೊಂಡು, “ಶಿವರಾತ್ರಿ ಆಗ್ಲಿ ತಡಿಯಪ್ಪಾ,” ಎಂದರು. ಇನ್ನೂ ಆಸೆ ಇಟ್ಟುಕೊಂಡಿದ್ದಾರೆ ಎಂದುಕೊಂಡು ಕಬ್ಬನ್ನು ಎತ್ತಿ ಒಳಗಿಟ್ಟೆ.

ಶಿವರಾತ್ರಿಯೂ ಬಂತು. ಜಾಗರಣೆ ಮುಗಿದ ಮಾರನೆಯ ಬೆಳಿಗ್ಗೆ ಬಿಸಿಲು ಚೆನ್ನಾಗಿ ಏರಿದ ಮೇಲೆ ಇವರು ತಾವಾಗಿಯೇ ಎದ್ದು, ಗೋಡೆ ಹಿಡಿದುಕೊಂಡು ಬಂದು ಚಾವಡಿಯ ಮೆಟ್ಟಿಲ ಮೇಲೆ ಕೂತರು. ಮಫ್ಲರ್ ಸುತ್ತಿಕೊಂಡಿದ್ದರು. ಕಾಲಿಗೆ ಬೂಟು ಹಾಕಿದ್ದರು.

“ಎಬ್ಬಿಸೇ ಅದನ್ನ,” ಎಂದರು.

ಕಂಬಳಿ ತೆಗೆದೆ, ಗೋಣಿ ತೆಗೆದೆ. ಸೈಲೆನ್ಸರಿನ ಬಟ್ಟೆ ಎಳೆದೆ. ಪ್ಲಗ್ ಒರೆಸಿ ತಿರುಗಿಸಿ ಕೂರಿಸಿದೆ. ಸೀಸೆಯಿಂದ ಹೊಸ ಪೆಟ್ರೋಲ್ ಸುರಿದೆ. ಮನಸ್ಸಿನಲ್ಲಿ ಒಂದೇ ಮೊರೆ: ದೇವರೇ, ಇದು ಹೊತ್ತಿಕೊಳ್ಳದಿರಲಿ. ಚಳಿಗಾಲವೆಲ್ಲ ಸೇವೆ ಮಾಡಿದ ನಾನೇ ಹಾಗೆ ಬೇಡಿಕೊಂಡೆ. ಹೊತ್ತಿಕೊಂಡರೆ ಇವರು ಹತ್ತುತ್ತಾರೆ, ಹತ್ತಿದರೆ ನಾನು ಆ ಮಾತನ್ನು ಆಡಲೇಬೇಕು. ಒಂದು ಸಲ ಒದೆದೆ, ಇಲ್ಲ. ಇನ್ನೊಂದು ಸಲ, ಇಲ್ಲ.

“ಇನ್ನೊಂದ್ಸಲ,” ಎಂದರು.

ಒದೆದೆ. ಗಾಡಿ ಕೆಮ್ಮಿತು, ನೀಲಿ ಹೊಗೆ ಉಗುಳಿತು, ಆಮೇಲೆ ಡುಗುಡುಗು ಎಂದು ಹಿಡಿದುಕೊಂಡಿತು. ಎಣ್ಣೆಯ ಹೊಗೆ ಇವರ ಕಡೆ ಹೋಗದಂತೆ ನಾನು ಸೆರಗಿನಿಂದ ಬೀಸುತ್ತ ನಿಂತೆ. ಇವರು ಎದ್ದರು. ಬಂದು ಹ್ಯಾಂಡಲ್ಲಿನ ಮೇಲೆ ಕೈಯಿಟ್ಟರು. ಇವರು ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಆ ಸದ್ದು ಕೇಳಿದರು. ಒಂದು ಸಲ ಏರಿಸಿದರು, ಇಳಿಸಿದರು. ಆಮೇಲೆ ತಾವೇ ನಿಲ್ಲಿಸಿಬಿಟ್ಟರು.

“ಚಿಕ್ಕಣ್ಣಂಗೆ ಹೇಳಿ ಕಳ್ಸು. ಬಂದು ತಗೊಂಡ್ಹೋಗ್ಲಿ.”

“ಯಾಕೆ?” ಎಂದೆ. ಎಂಥ ಪೆದ್ದು ಪ್ರಶ್ನೆ.

“ಯಾಕೆ ಅಂತ ನಿಂಗೊತ್ತಿಲ್ವಾ? ಡಾಕ್ಟರು ನಿನಗಿಂತ ಮುಂಚೆ ನನಗೆ ಹೇಳಿದ್ರು ಕಣೇ. ನಾನು ಕಿವಿಗೆ ಹಾಕ್ಕೊಳ್ಲಿಲ್ಲ ಅಂತ ನಿನಗೂ ಹೇಳಿರ್ಬೇಕು.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಿಂಗಳುಗಟ್ಟಲೆ ನುಂಗಿಕೊಂಡಿದ್ದದ್ದೆಲ್ಲ ಒಂದೇ ಸಲ ಹೊರಗೆ ಬಂತು. “ಹಂಗಾದ್ರೆ ಚಳಿಗಾಲ ಪೂರ್ತಿ ನನ್ನ ಕೈಲಿ ಯಾಕೆ ಒದೆಸಿದ್ರಿ? ನನ್ನ ಕಾಲು ನೋಡಿ! ಸೊಂಟ ಬಿದ್ದುಹೋಯ್ತು! ಹೇಳೋದು ಹೆಂಗೆ ಹೇಳೋದು ಹೆಂಗೆ ಅಂತ ನಾನು ದಿನಾ ಸಾಯ್ತಿದ್ದೆ!” ಎಂದು ಕೂಗಾಡಿದೆ. ಒಳಗಿನಿಂದ ಅತ್ತೆ ಬಂದು ಬಾಗಿಲಲ್ಲಿ ನಿಂತವರು ಹಾಗೇ ಹಿಂದಿರುಗಿದರು.

ಇವರು ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದರು. “ಕೆಟ್ಟು ನಿಂತ ಗಾಡೀನ ಒಬ್ಬರ ಕೈಗೆ ಹೆಂಗೆ ಕೊಡೋದು,” ಎಂದರು. ಗಂಟು ಸಡಿಲಿಸುತ್ತ ಮತ್ತೆ ಹೇಳಿದರು, “ಅದೂ ಅಲ್ಲ. ನೀನು ಒದಿಯೋ ಸದ್ದು ಕೇಳ್ತಿದ್ರೆ, ಇನ್ನೂ ನಂದು ಅನ್ನಿಸ್ತಿತ್ತು. ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ.”

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಪಕ್ಕದಲ್ಲಿ ಕೂತು ಇನ್ನೊಂದು ಬೂಟಿನ ದಾರ ನಾನು ಬಿಚ್ಚಿದೆ.

ಚಿಕ್ಕಣ್ಣ ಬಂದ. ಇವರು ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಎಲ್ಲ ಹೇಳಿಕೊಟ್ಟರು. ನಾನು ಗೋಣಿ, ಇಟ್ಟಿಗೆ, ಗ್ರೀಸಿನ ಡಬ್ಬಿ ಎಲ್ಲ ಕಟ್ಟಿಕೊಟ್ಟೆ. ಸೀರೆಯ ಅಂಚನ್ನು ಮಾತ್ರ ಉಳಿಸಿಕೊಂಡೆ. ಅತ್ತೆ ಅವನ ಹಣೆಗೆ ಕುಂಕುಮವಿಟ್ಟು, “ವರ್ಷಕ್ಕೊಂದ್ಸಲ ಎಣ್ಣೆ ಚುಕ್ಕೆ ಇಡಪ್ಪಾ ಅದಕ್ಕೆ. ನೀರು ಹಾಕ್ಬೇಡ,” ಎಂದು ಉಪದೇಶ ಮಾಡಿದರು. ಗಾಡಿಯ ಸದ್ದು ಮಾಗಡಿ ರಸ್ತೆಯ ತಿರುವಿನವರೆಗೂ ಕೇಳುತ್ತಿತ್ತು. “ಗೇರು ತಡವಾಗಿ ಬದಲಾಯಿಸ್ದ,” ಎಂದರು ಇವರು. ಆ ಸಂಜೆ ಅನ್ನ ಕೆದಕಿ ಎದ್ದರು.

ಮುಂದಿನ ಭಾನುವಾರ ಪಾತ್ರೆ ಬೆಳಗಿದ ಕೈಯನ್ನು ಒರೆಸಿಕೊಳ್ಳುತ್ತ ನಾನು ಚಾವಡಿಗೆ ಹೋದೆ. ಸೀರೆ ಎತ್ತಿ ಕಟ್ಟಿದ್ದೂ ಆಯಿತು. ನೆಲದ ಮೇಲೆ ಎಣ್ಣೆಯ ಕಲೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ನಾಚಿಕೆಯಾಗಿ ಹಿಂದಿರುಗಬೇಕು, ಕಿಟಕಿಯಿಂದ ಇವರು ನೋಡುತ್ತಿದ್ದರು.

“ಸಾಕು ಬಾರೇ,” ಎಂದರು. “ಇವತ್ತಾದ್ರೂ ಕೂತ್ಕೋ.”

ಹೋಗಿ ಮಂಚದ ಅಂಚಿನಲ್ಲಿ ಕೂತೆ. ಮದುವೆಯಾದ ಮೇಲೆ ಭಾನುವಾರದ ಬೆಳಿಗ್ಗೆ ನಾನು ಹಾಗೆ ಕೆಲಸವಿಲ್ಲದೆ ಕೂತದ್ದು ಅದೇ ಮೊದಲು. ಇವರು ಇನ್ನೂ ಕೆಲವು ಚಳಿಗಾಲಗಳನ್ನು ಕಚೇರಿಯ ಮೇಜಿನ ಮುಂದೆಯೇ ಕಳೆದರು, ಆಮೇಲೆ ಒಂದು ಚಳಿಗಾಲವನ್ನು ದಾಟಲಿಲ್ಲ.

ಹುಡುಗನ ಗಾಡಿಯ ಪ್ಲಾಸ್ಟಿಕ್ಕನ್ನು ನಿನ್ನೆ ಬಿಚ್ಚಿ ಹಾಕಿಸಿದೆ. ಹಳೆಯ ಕಂಬಳಿ ಹೊದಿಸಿದ್ದೇನೆ, ನಲ್ಲಿ ಮುಚ್ಚಿದ್ದೇನೆ, ಪೆಟ್ಟಿಗೆಯ ತಳದಲ್ಲಿದ್ದ ಆ ಸೀರೆಯ ಅಂಚನ್ನು ಹುಡುಕಿ ಕ್ಲಚ್ಚು ಕಟ್ಟಿದ್ದೇನೆ. ನಾಳೆ ಭಾನುವಾರ. ಕಿಕ್ ಮಾತ್ರ ಒದೆಯಲಾರೆ. ಮೊಣಕಾಲಿನ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ, ಒದ್ದ ಮೇಲೆ ಕಿಟಕಿಯ ಕಡೆಯಿಂದ “ಇನ್ನೊಂದ್ಸಲ” ಎನ್ನುವವರು ಯಾರೂ ಇಲ್ಲ.